ಕೊಳ್ಳಿಗೂ ಗಂಡಸೇ ಬೇಕೆ?

"ಸತ್ತ ಮೇಲೆ ತಲೆಗೆ ಕೊಳ್ಳಿ ಇಡಲಿಕ್ಕಾದರೂ ಒಂದು ಗಂಡು ಬೇಡವೆ?"

ಈ ಮಾತನ್ನು ಕೇಳದೆ ಬೆಳೆದ ಹೆಣ್ಣುಮಗಳು ನಮ್ಮ ಓಣಿಗಳಲ್ಲಿ ಯಾರಾದರೂ ಇದ್ದರೆ ನನಗೆ ತೋರಿಸಿ. ಎರಡು ಹೆಣ್ಣು ಹೆತ್ತ ಸೊಸೆಗೆ ಅತ್ತೆ ಹೇಳುವ ಮಾತು ಇದು. ಮೂರನೆಯ ಬಾಣಂತನಕ್ಕೆ ತವರಿಗೆ ಬಂದ ಮಗಳಿಗೆ ಹಡೆದ ತಾಯಿಯೇ ಹೇಳುವ ಮಾತು ಇದು. ಹೆಣ್ಣಾದರೇನು, ಗಂಡಾದರೇನು ಎಂದು ವೇದಿಕೆಯ ಮೇಲೆ ಭಾಷಣ ಮಾಡಿದ ಗಂಡಸರು ಮನೆಗೆ ಬಂದು ಹೊದಿಕೆಯೊಳಗೆ ಹೆಂಡತಿಗೆ ಪಿಸುಗುಟ್ಟುವುದೂ ಇದನ್ನೇ. ವರದಕ್ಷಿಣೆಯ ಭಯ, ಹೊಲಮನೆಯ ಚಿಂತೆ, ಮನೆತನದ ಹೆಸರು ಎಲ್ಲವೂ ಇದರ ಹಿಂದೆ ಉಂಟು, ಇಲ್ಲವೆನ್ನುವುದಿಲ್ಲ. ಆದರೆ ಆ ವಾದಗಳಿಗೆಲ್ಲ ಉತ್ತರ ಕೊಟ್ಟು ಮುಗಿಸಿದ ಮೇಲೆ ಕೊನೆಗೆ ಉಳಿಯುವುದು ಕೊಳ್ಳಿಯ ಮಾತು. ಅದಕ್ಕೆ ಎದುರು ಆಡುವವರಿಲ್ಲ. ಧರ್ಮದ ಮಾತು ಎಂದು ಎಲ್ಲರೂ ತಲೆ ತಗ್ಗಿಸುತ್ತಾರೆ.

ಸಾವಿನ ಮನೆಯ ಈ ಮಾತಿನ ಫಲ ತೊಟ್ಟಿಲಲ್ಲಿ ಕಾಣುತ್ತದೆ. 1991ರ ಜನಗಣತಿಯಲ್ಲಿ ನಮ್ಮ ದೇಶದಲ್ಲಿ ಆರು ವರ್ಷದವರೆಗಿನ ಸಾವಿರ ಗಂಡುಮಕ್ಕಳಿಗೆ 945 ಹೆಣ್ಣುಮಕ್ಕಳಿದ್ದರು. 2001ಕ್ಕೆ ಅದು 927ಕ್ಕೆ ಇಳಿಯಿತು. 2011ರಲ್ಲಿ ಇನ್ನೂ ಇಳಿಯಿತು. ನಡುವೆ 1994ರಲ್ಲಿ ಭ್ರೂಣದ ಲಿಂಗ ಪತ್ತೆ ಮಾಡಬಾರದೆಂದು ಕಾಯಿದೆಯೂ ಬಂದಿತ್ತು. ಕಾಯಿದೆ ದವಾಖಾನೆಯ ಯಂತ್ರಕ್ಕೆ ಬೀಗ ಹಾಕಬಹುದು. ಮನಸ್ಸಿನೊಳಗೆ ಕೂತ ಕೊಳ್ಳಿಯ ಲೆಕ್ಕಕ್ಕೆ ಬೀಗ ಹಾಕುವವರು ಯಾರು? ಹಾಗಾಗಿ ಇದು ಬರೀ ಸ್ಮಶಾನದ ವಿಷಯವಲ್ಲ, ತಾಯಂದಿರೆ. ಇದು ಹುಟ್ಟಬೇಕಾದ ಕೂಸಿನ ವಿಷಯ.

ನಾನು ಹೇಳಬೇಕೆಂದಿರುವುದು ಎರಡೇ ಮಾತು. ಹೆತ್ತವರ ಚಿತೆಗೆ ಕೊಳ್ಳಿ ಇಡಲು ಮಗಳಿಗೂ ಅಧಿಕಾರವಿದೆ. ಗಂಡ ಸತ್ತವಳ ಬಳೆ ಒಡೆಯಲು ಯಾರಿಗೂ ಅಧಿಕಾರವಿಲ್ಲ. ಇವೆರಡೂ ಬೇರೆ ಬೇರೆ ಮಾತುಗಳಂತೆ ಕಂಡರೂ ಬೇರು ಒಂದೇ. ಒಂದು ಕಡೆ ಸಾವಿನ ಗೌರವವನ್ನೆಲ್ಲ ಗಂಡಸಿನ ಕೈಗೆ ಕೊಟ್ಟಿದ್ದೇವೆ. ಇನ್ನೊಂದು ಕಡೆ ಸಾವಿನ ಶಿಕ್ಷೆಯನ್ನೆಲ್ಲ ಹೆಂಗಸಿನ ಮೈಮೇಲೆ ಹೊರಿಸಿದ್ದೇವೆ.

ಹೆಂಗಸರು ಸ್ಮಶಾನಕ್ಕೆ ಏಕೆ ಬರಬಾರದು ಎಂದು ಕೇಳಿ ನೋಡಿ. ಮೊದಲು ಬರುವ ಉತ್ತರ, "ಹೆಂಗಸರ ಎದೆ ಮೆತ್ತಗೆ, ಅವರು ತಡೆಯಲಾರರು" ಎಂಬುದು. ಕೇಳಲು ಬಹಳ ಕಾಳಜಿಯ ಮಾತು. ಆದರೆ ಸಾಯುವವರ ಮಗ್ಗುಲಲ್ಲಿ ರಾತ್ರಿಯೆಲ್ಲ ಕೂತವರು ಯಾರು? ಮಲಮೂತ್ರ ಬಳಿದವರು ಯಾರು? ಉಸಿರು ನಿಂತಿತೆಂದು ಮೊದಲು ತಿಳಿದವರು, ತೆರೆದ ಕಣ್ಣು ಮುಚ್ಚಿದವರು, ಬಾಯಿಗೆ ಬಟ್ಟೆ ಕಟ್ಟಿದವರು, ಎಷ್ಟೋ ಮನೆಗಳಲ್ಲಿ ಹೆಣಕ್ಕೆ ಕೊನೆಯ ನೀರು ಹಾಕಿದವರು ಯಾರು? ಇಷ್ಟೆಲ್ಲ ತಡೆದುಕೊಂಡ ಎದೆ ಮನೆಯ ಹೊಸ್ತಿಲು ದಾಟಿದ ಕೂಡಲೆ ಹೇಗೆ ಮೆತ್ತಗಾಯಿತು? ಎಷ್ಟೋ ಊರುಗಳಲ್ಲಿ ಸ್ಮಶಾನ ಕಾಯುವವರ ಸಂಸಾರ ಅಲ್ಲಿಯೇ ಇರುತ್ತದೆ. ಆ ಮನೆಯ ಹೆಂಗಸರು ಅಲ್ಲಿಯೇ ಒಲೆ ಹಚ್ಚುತ್ತಾರೆ, ಅಲ್ಲಿಯೇ ಮಕ್ಕಳಿಗೆ ಉಣಿಸುತ್ತಾರೆ. ಅವರ ಎದೆಯ ಬಗ್ಗೆ ಯಾರೂ ಮರುಗಿದ್ದನ್ನು ನಾನು ಕಂಡಿಲ್ಲ.

ಇನ್ನೂ ಒಂದು ಮಾತು ಕೇಳಬೇಕು. ಚಿತೆಯನ್ನು ದೂರದಿಂದ ನೋಡಲೂ ಹೆಣ್ಣಿಗೆ ಧೈರ್ಯ ಸಾಲದು ಎನ್ನುವ ಇದೇ ಸಮಾಜ ಅದೇ ಚಿತೆಯ ಮೇಲೆ ಅವಳನ್ನು ಜೀವಂತ ಕೂರಿಸಿತ್ತಲ್ಲ, ಆಗ ಎದೆಯ ಮಾತು ಎಲ್ಲಿ ಹೋಗಿತ್ತು? ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನಲ್ಲಿ 1057ರ ಒಂದು ಶಾಸನವಿದೆ. ಗಂಡನನ್ನು ಕಳೆದುಕೊಂಡ ದೇಕಬ್ಬೆ ಎಂಬ ಹೆಣ್ಣುಮಗಳು ಹೆತ್ತವರು ಬೇಡವೆಂದು ಅಂಗಲಾಚಿದರೂ ಬೆಂಕಿಗೆ ಬಿದ್ದ ಕಥೆ ಅದರಲ್ಲಿದೆ. ನಾಡಿನ ತುಂಬ ಮಾಸ್ತಿಕಲ್ಲುಗಳಿವೆ. ಕಂಬದಿಂದ ಚಾಚಿ ಮೊಣಕೈಯಲ್ಲಿ ಮಡಿಚಿ ಮೇಲೆತ್ತಿದ ಒಂದು ಕೈ, ಆ ಕೈಯಲ್ಲಿ ಬಳೆ. ಗಂಡನೊಂದಿಗೆ ಸುಟ್ಟುಹೋದವಳ ಕೈಗೆ ಕಲ್ಲಿನಲ್ಲಿಯೂ ಬಳೆ ಉಳಿಯಿತು. ಬದುಕಿ ಮಕ್ಕಳನ್ನು ಸಾಕಿದವಳ ಬಳೆ ಒಡೆದುಹೋಯಿತು. ಬದುಕಿದ್ದೇ ಅವಳ ತಪ್ಪು ಎಂದಲ್ಲವೆ ಇದರ ಅರ್ಥ? 1829ರಲ್ಲಿ ಬಂಗಾಳದಲ್ಲಿ ಬೆಂಟಿಂಕ್ ಸಹಗಮನವನ್ನು ಕಾಯಿದೆಯಿಂದ ನಿಲ್ಲಿಸಿದ. ಅಷ್ಟಾದರೂ 1987ರಲ್ಲಿ ರಾಜಸ್ಥಾನದ ದೇವರಾಳದಲ್ಲಿ ಹದಿನೆಂಟು ವರ್ಷದ ರೂಪ್ ಕಂವರ್ ಗಂಡನ ಚಿತೆಯಲ್ಲಿ ಸುಟ್ಟುಹೋದಳು. ಸಾವಿರಾರು ಜನ ನೆರೆದು ಜಯಕಾರ ಹಾಕಿದರು. ಅಲ್ಲಿ ನೆರೆದವರಲ್ಲಿ ಯಾರಿಗೂ "ಹೆಣ್ಣಿಗೆ ಸ್ಮಶಾನ ಸಲ್ಲದು" ಎಂಬ ಶಾಸ್ತ್ರ ನೆನಪಾಗಲಿಲ್ಲ.

ಈ ಮೆತ್ತನೆಯ ಎದೆಯ ಕಥೆ ನಮ್ಮಲ್ಲಿ ಮಾತ್ರ ಇತ್ತೆಂದೂ ತಿಳಿಯಬೇಡಿ. ನಾನು ಮಕ್ಕಳಿಗೆ ಇತಿಹಾಸ ಕಲಿಸುವವಳು. ಅರ್ಧ ಜಗತ್ತನ್ನು ಆಳಿದ ವಿಕ್ಟೋರಿಯಾ ರಾಣಿ 1861ರ ಡಿಸೆಂಬರಿನಲ್ಲಿ ತನ್ನ ಗಂಡ ಆಲ್ಬರ್ಟನ ಅಂತ್ಯಕ್ರಿಯೆಗೆ ಹೋಗಲಿಲ್ಲ. ಆ ಕಾಲದ ಇಂಗ್ಲೆಂಡಿನ ದೊಡ್ಡ ಮನೆತನಗಳಲ್ಲಿ ಹೆಂಗಸರು ಗೋರಿಯ ತನಕ ಹೋಗುವುದು ಸಭ್ಯತೆಯಲ್ಲವೆಂದು ಎಣಿಸುತ್ತಿದ್ದರು, ಅಳುವನ್ನು ಹತ್ತಿಕ್ಕಲಾರರು ಎಂಬ ಅದೇ ಕಾರಣಕ್ಕೆ. ಆದರೆ ದುಃಖದ ಬಟ್ಟೆ ಉಡಬೇಕಾದವಳು ಮಾತ್ರ ಹೆಂಗಸೇ. ವಿಧವೆ ಎರಡು ವರ್ಷಕ್ಕೂ ಮಿಕ್ಕಿ ಕಪ್ಪು ಉಡಬೇಕು. ಹೆಂಡತಿ ಸತ್ತ ಗಂಡನಿಗೆ ಕೆಲವು ತಿಂಗಳ ಕಪ್ಪು ಪಟ್ಟಿ ಸಾಕು. ವಿಕ್ಟೋರಿಯಾ 1901ರಲ್ಲಿ ಸಾಯುವ ತನಕ, ನಲವತ್ತು ವರ್ಷ ಕಪ್ಪು ಬಿಡಲಿಲ್ಲ. ಆ ದೇಶ ಆ ಕಟ್ಟಳೆಯನ್ನು ಬಿಟ್ಟಿತು. 2022ರಲ್ಲಿ ಎಲಿಜಬೆತ್ ರಾಣಿ ತೀರಿಕೊಂಡಾಗ ಶವಪೆಟ್ಟಿಗೆಯ ಹಿಂದೆ ಅವಳ ಮಗಳು ಅಣ್ಣತಮ್ಮಂದಿರ ಜೊತೆಗೆ ನಡೆದುಹೋದದ್ದನ್ನು ನಾವೆಲ್ಲ ಟೀವಿಯಲ್ಲಿ ನೋಡಿದೆವು. ಇಂಗ್ಲೆಂಡು ಅದರಿಂದ ಮುಳುಗಲಿಲ್ಲ.

ಜಪಾನಿನಲ್ಲಿ ಬಹುತೇಕ ಎಲ್ಲರನ್ನೂ ಸುಡುತ್ತಾರೆ. ಸುಟ್ಟ ಮೇಲೆ ಮನೆಯವರು, ಹೆಂಗಸರು ಗಂಡಸರು ಕೂಡಿ, ಕಡ್ಡಿಗಳಿಂದ ಎಲುಬು ಆಯ್ದು ಕುಡಿಕೆಗೆ ತುಂಬುತ್ತಾರೆ. ಪಾದದಿಂದ ಶುರುಮಾಡಿ ತಲೆಯ ತನಕ ಬರುತ್ತಾರೆ, ಸತ್ತವರು ಕುಡಿಕೆಯೊಳಗೆ ತಲೆಕೆಳಗಾಗಬಾರದು ಎಂದು. ಹೆಂಡತಿ ಗಂಡನ ಎಲುಬನ್ನು, ಮಗಳು ತಾಯಿಯ ಎಲುಬನ್ನು ಕಡ್ಡಿಯಿಂದ ಕಡ್ಡಿಗೆ ದಾಟಿಸುತ್ತಾಳೆ. ಅದಕ್ಕೇ ಅಲ್ಲಿ ಊಟದ ಹೊತ್ತಿನಲ್ಲಿ ಒಬ್ಬರ ಕಡ್ಡಿಯಿಂದ ಇನ್ನೊಬ್ಬರ ಕಡ್ಡಿಗೆ ತುತ್ತು ದಾಟಿಸುವುದು ಅಪಶಕುನ. ಇಂಡೋನೇಷಿಯಾದ ಸುಲಾವೆಸಿ ದ್ವೀಪದ ತೊರಾಜ ಜನ ಸತ್ತವರನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಮನೆಯಲ್ಲೇ ಇಟ್ಟುಕೊಂಡು, "ಹುಷಾರಿಲ್ಲ" ಎಂದು ಹೇಳಿ ಊಟ ಇಡುತ್ತಾರೆ. ಮಡಗಾಸ್ಕರಿನ ಬೆಟ್ಟದ ಸೀಮೆಯಲ್ಲಿ ಕೆಲವು ವರ್ಷಗಳಿಗೊಮ್ಮೆ ಹಿರಿಯರ ಅವಶೇಷವನ್ನು ಗೋರಿಯಿಂದ ಹೊರತೆಗೆದು, ಹೊಸ ಬಟ್ಟೆ ಸುತ್ತಿ, ಹೊತ್ತುಕೊಂಡು ಕುಣಿಯುತ್ತಾರೆ. ಮಕ್ಕಳಾಗಲಿ ಎಂದು ಹಂಬಲಿಸುವ ಹೆಂಗಸರು ಹೆಣ ಸುತ್ತಿದ್ದ ಹಳೆಯ ಚಾಪೆಯ ಚೂರನ್ನು ಮನೆಗೆ ಒಯ್ಯುತ್ತಾರೆ. ನಾವು ಸಾವಿನ ಗಾಳಿ ಸೋಕಿದರೆ ಬಸಿರಿಗೆ ಕೇಡು ಎನ್ನುತ್ತೇವೆ, ಅವರು ಹಿರಿಯರ ಹೆಣದಿಂದಲೇ ಬಸಿರು ಬೇಡುತ್ತಾರೆ.

"ಅವರದು ಬೇರೆ ಧರ್ಮ, ಬೇರೆ ದೇಶ, ನಮಗೇಕೆ?" ಎನ್ನುತ್ತೀರೇನೊ. ಹಾಗಾದರೆ ಬಾಲಿ ದ್ವೀಪಕ್ಕೆ ಬನ್ನಿ. ಅವರು ನಮ್ಮ ಹಾಗೆಯೇ ಹಿಂದೂಗಳು, ನಮ್ಮ ಹಾಗೆಯೇ ಸುಡುವವರು. ಅಲ್ಲಿ ಹೆಂಗಸರು ತಲೆಯ ಮೇಲೆ ನೈವೇದ್ಯ ಹೊತ್ತು ಮೆರವಣಿಗೆಯಲ್ಲಿ ಸ್ಮಶಾನದ ತನಕ ಹೋಗುತ್ತಾರೆ. ದೂರವೆನಿಸಿದರೆ ನಿಮ್ಮ ಊರಿನಲ್ಲೇ ಒಂದು ಸುತ್ತು ಹಾಕಿ. ಲಿಂಗಾಯತರು ಹೆಣವನ್ನು ಸುಡುವುದಿಲ್ಲ. ವಿಭೂತಿ ಹಚ್ಚಿ, ಅಂಗೈಯಲ್ಲಿ ಇಷ್ಟಲಿಂಗವಿಟ್ಟು, ಕೂರಿಸಿ ಮಣ್ಣು ಮಾಡುತ್ತಾರೆ. ಮುಸಲ್ಮಾನರು ಖಬರಸ್ತಾನದಲ್ಲಿ ಹೂಳುತ್ತಾರೆ. ಅವರಲ್ಲಿ ಹೆಂಗಸಿನ ಮೈ ತೊಳೆಯುವವರು ಹೆಂಗಸರೇ. ಕ್ರೈಸ್ತರ ಸಮಾಧಿಯ ಬಳಿ ಹೆಂಡತಿ, ಮಕ್ಕಳು ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕುತ್ತಾರೆ. ಕೊಡಗಿನಲ್ಲಿ ಸಾವಿನ ಸುದ್ದಿಯನ್ನು ಜೋಡಿ ಗುಂಡು ಹಾರಿಸಿ ಸಾರುತ್ತಾರೆ. ಸುಡುವ ಮನೆತನಗಳಲ್ಲಿಯೂ ಹಸುಗೂಸನ್ನು ಸುಡುವುದಿಲ್ಲ, ಸನ್ಯಾಸಿಯನ್ನು ಸುಡುವುದಿಲ್ಲ. ಒಂದೇ ಊರಿನೊಳಗೆ ಇಷ್ಟು ದಾರಿಗಳಿವೆ. ಇವುಗಳಲ್ಲಿ ಯಾವುದು ಬದಲಾಗದ, ಆಕಾಶದಿಂದ ಇಳಿದ ಕಟ್ಟಳೆ, ಹೇಳಿ?

ಬದಲಾಗುವುದಿಲ್ಲ ಎನ್ನುವ ಕಟ್ಟಳೆಗಳೂ ಬದಲಾಗಿವೆ. ಹೆಣ ಸುಡುವುದನ್ನು ಒಪ್ಪದಿದ್ದ ಕ್ಯಾಥೊಲಿಕ್ ಚರ್ಚು 1963ರಲ್ಲಿ ಅದಕ್ಕೆ ಅನುಮತಿ ಕೊಟ್ಟಿತು. ಪಾರ್ಸಿಗಳು ಬೆಂಕಿ, ಮಣ್ಣು, ನೀರು ಮೈಲಿಗೆಯಾಗಬಾರದೆಂದು ಹೆಣವನ್ನು ಎತ್ತರದ ಗೋಪುರದ ಮೇಲೆ ರಣಹದ್ದುಗಳಿಗೆ ಬಿಡುವವರು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ, ಸತ್ತ ದನ ತಿಂದ ಹದ್ದುಗಳ ವಂಶವನ್ನೇ ತೆಗೆಯಿತು. 2006ರಲ್ಲಿ ಸರ್ಕಾರ ದನಗಳಿಗೆ ಅದನ್ನು ಕೊಡುವುದನ್ನು ನಿಷೇಧಿಸುವ ಹೊತ್ತಿಗೆ ಮುಂಬಯಿಯ ಆಕಾಶದಲ್ಲಿ ಹದ್ದು ಉಳಿದಿರಲಿಲ್ಲ. ಹದ್ದಿಲ್ಲದೆ ಗೋಪುರ ಏನು ಮಾಡೀತು? ಕೆಲವು ಪಾರ್ಸಿಗಳು ಸುಡುವ ದಾರಿ ಹಿಡಿದರು. 2024ರ ಅಕ್ಟೋಬರಿನಲ್ಲಿ ರತನ್ ಟಾಟಾ ಅವರ ಅಂತ್ಯಕ್ರಿಯೆ ನಡೆದದ್ದು ಮುಂಬಯಿಯ ವರ್ಲಿಯ ಚಿತಾಗಾರದಲ್ಲಿ. ಹದ್ದು ಇಲ್ಲದಾದಾಗ ಕಟ್ಟಳೆ ಬದಲಾಗಬಹುದು. ಮಗ ಇಲ್ಲದಾಗ ಮಾತ್ರ ಬದಲಾಗಬಾರದೆ?

ಇನ್ನು ಶಾಸ್ತ್ರದ ಮಾತು. "ಪುತ್" ಎಂಬ ನರಕದಿಂದ ಪಾರುಮಾಡುವವನು ಪುತ್ರ, ಆದ್ದರಿಂದ ಮಗನೇ ಬೇಕು ಎಂದು ಹೇಳುವವರಿಗೆ ನಾನು ಶಾಸ್ತ್ರವನ್ನೇ ತೋರಿಸುತ್ತೇನೆ. ಸಾವಿನ ಮನೆಯಲ್ಲಿ ಓದುವ ಗರುಡ ಪುರಾಣವೇ ಮಗನಿಲ್ಲದಿದ್ದರೆ ಹೆಂಡತಿ ಕ್ರಿಯೆ ಮಾಡಲಿ, ಹೆಂಡತಿಯೂ ಇಲ್ಲದಿದ್ದರೆ ಅಣ್ಣತಮ್ಮಂದಿರು ಮಾಡಲಿ ಎನ್ನುತ್ತದೆ. ಅಂದರೆ ಅಣ್ಣತಮ್ಮಂದಿರಿಗಿಂತ ಹೆಂಡತಿ ಮೊದಲು. ಋಗ್ವೇದದ ಹತ್ತನೆಯ ಮಂಡಲದ ಹದಿನೆಂಟನೆಯ ಸೂಕ್ತ ಅಂತ್ಯಕ್ರಿಯೆಗೆ ಸಂಬಂಧಪಟ್ಟದ್ದು. ಅದರಲ್ಲಿ ಗಂಡನ ಹೆಣದ ಪಕ್ಕದಲ್ಲಿ ಮಲಗಿದ ಹೆಂಗಸನ್ನು ಎದ್ದು ಜೀವಂತರ ಲೋಕಕ್ಕೆ ಬಾ ಎಂದು ಕರೆಯುವ ಮಾತಿದೆ. ಹೆಂಗಸು ಹೆಣದ ಹತ್ತಿರ ಬಂದೇ ಇರಲಿಲ್ಲವೆಂದರೆ ಆ ಕರೆ ಯಾರಿಗೆ? ಆ ಮಾತಿನ ಅಂತಃಕರಣವನ್ನೂ ನೋಡಿ. ಬಾ, ಬದುಕು ಎನ್ನುತ್ತದೆ. ಬಳೆ ಒಡೆ ಎನ್ನುವುದಿಲ್ಲ. ಶಾಸ್ತ್ರ ಹೇಳುವುದಕ್ಕೆ, ಬದನೆಕಾಯಿ ತಿನ್ನುವುದಕ್ಕೆ ಎಂಬ ಗಾದೆಯನ್ನು ನಾವು ಸುಮ್ಮನೆ ಕಟ್ಟಿಲ್ಲ. ಅನುಕೂಲವಾದ ಪುಟ ತೆರೆದು ಓದುವವರು ಅನುಕೂಲವಲ್ಲದ ಪುಟವನ್ನು ಮುಚ್ಚಿಯೇ ಇಟ್ಟಿದ್ದಾರೆ.

ಅನಂತಮೂರ್ತಿಯವರ 'ಸಂಸ್ಕಾರ' ಕಾದಂಬರಿಯನ್ನು ನಿಮ್ಮಲ್ಲಿ ಅನೇಕರು ಓದಿರುತ್ತೀರಿ, ಇಲ್ಲವೆ ಸಿನಿಮಾ ನೋಡಿರುತ್ತೀರಿ. ನಾರಣಪ್ಪನ ಹೆಣ ಕೊಳೆಯುತ್ತ ಬಿದ್ದಿದೆ. ಅಗ್ರಹಾರದ ಪಂಡಿತರೆಲ್ಲ ಯಾರು ಸಂಸ್ಕಾರ ಮಾಡಬೇಕು ಎಂದು ಗ್ರಂಥ ಹುಡುಕುತ್ತ ಕೂತಿದ್ದಾರೆ. ಕೊನೆಗೆ ಆ ಹೆಣವನ್ನು ಸುಟ್ಟವರು ಯಾರು? ಅವನೊಡನೆ ಬಾಳಿದ ಚಂದ್ರಿ, ಮೀನಿನ ವ್ಯಾಪಾರದ ಒಬ್ಬ ಮುಸಲ್ಮಾನನ ಸಹಾಯದಿಂದ, ರಾತ್ರೋರಾತ್ರಿ. 1965ರ ಈ ಕಾದಂಬರಿಯ ಬಗ್ಗೆ ಎಷ್ಟೋ ವಿದ್ವಾಂಸರು ಎಷ್ಟೋ ಬರೆದಿದ್ದಾರೆ. ನನಗೆ ಮಾತ್ರ ಅದರಲ್ಲಿ ಎದ್ದು ಕಾಣುವುದು ಈ ಒಂದು ಸಂಗತಿ. ಸತ್ತವನ ಮೇಲೆ ಮಮತೆ ಇದ್ದವಳು ಕೆಲಸ ಮಾಡಿದಳು, ಅಧಿಕಾರ ಇದ್ದವರು ಚರ್ಚೆ ಮಾಡಿದರು.

ಅದು ಕಥೆಯಾಯಿತು ಎನ್ನುವವರು 2021ರ ಕೊರೊನಾ ದಿನಗಳನ್ನು ನೆನಪು ಮಾಡಿಕೊಳ್ಳಲಿ. ಮೂರು ಗಂಡುಮಕ್ಕಳಿದ್ದವರ ಹೆಣಕ್ಕೂ ಬೆಂಕಿ ಕೊಟ್ಟವರು ಯಾರೋ ಹೆಸರು ತಿಳಿಯದ ಕೂಲಿಯವರು, ಯಾರೋ ಸ್ವಯಂಸೇವಕರು. ಜಾತಿ ಕೇಳಲಿಲ್ಲ, ಗೋತ್ರ ಕೇಳಲಿಲ್ಲ. ಆ ವರ್ಷದ ಜೂನ್ ತಿಂಗಳಲ್ಲಿ, ಯಾರೂ ಬಂದು ಒಯ್ಯದೆ ಉಳಿದ ಐನೂರಕ್ಕೂ ಹೆಚ್ಚು ಜನರ ಅಸ್ಥಿಯನ್ನು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ಬಿಟ್ಟವರು ರಾಜ್ಯದ ಕಂದಾಯ ಸಚಿವರು. ಅವರೇನು ಅಷ್ಟು ಜನರ ಮಗನೆ? ಒಳ್ಳೆಯ ಕೆಲಸ ಮಾಡಿದರು, ಎಲ್ಲರೂ ಮೆಚ್ಚಿದೆವು. ಆ ಐನೂರು ಜನ ನರಕಕ್ಕೆ ಹೋದರೆಂದು ಯಾವ ಮಠದಿಂದಲೂ ಹೇಳಿಕೆ ಬರಲಿಲ್ಲ. ಪರಕೀಯನಾದ ಗಂಡಸು ಮಾಡಿದರೆ ಸದ್ಗತಿ, ಹೊಟ್ಟೆಯಲ್ಲಿ ಹುಟ್ಟಿದ ಮಗಳು ಮಾಡಿದರೆ ದುರ್ಗತಿ. ಇದು ಯಾವ ನ್ಯಾಯ?

ಕೆಲವು ವರ್ಷಗಳ ಹಿಂದೆ ನಮ್ಮ ಶಾಲೆಯ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ತಂದೆಯನ್ನು ಕಳೆದುಕೊಂಡಳು. ಒಬ್ಬಳೇ ಮಗಳು. ಬೆಳಿಗ್ಗೆ ಆರಕ್ಕೆ ಜೀವ ಹೋಗಿತ್ತು. ಹೆಣ ಎತ್ತಿದ್ದು ಸಂಜೆ ಐದಕ್ಕೆ. ಯಾಕೆಂದರೆ ಬೇರೆ ಜಿಲ್ಲೆಯಲ್ಲಿದ್ದ ದೊಡ್ಡಪ್ಪನ ಮಗ ಬಂದು ಕೊಳ್ಳಿ ಹಿಡಿಯಬೇಕಿತ್ತು. ಆಸ್ತಿಯ ಜಗಳದಿಂದ ಆ ಎರಡು ಮನೆಗಳಿಗೆ ಎಂಟು ವರ್ಷ ಮಾತಿರಲಿಲ್ಲ. ಅವನು ಬಂದ, ಗಡಿಗೆ ಹಿಡಿದ, ಬೆಂಕಿ ಇಟ್ಟ, ಮರುದಿನ ಹೋದ. ಹದಿನೈದು ದಿನದ ಮೇಲೆ ಶಾಲೆಗೆ ಬಂದ ಹುಡುಗಿ ಕೊಠಡಿಯಲ್ಲಿ ಯಾರೂ ಇಲ್ಲದ ಹೊತ್ತು ನೋಡಿ ನನ್ನ ಹತ್ತಿರ ಬಂದಳು. "ಅಕ್ಕೋರ, ಮೂರು ತಿಂಗಳ ದವಾಖಾನಿಯೊಳಗ ಅಪ್ಪನ ಜೋಡಿ ನಾನೇ ಇದ್ದೆ. ಗುಳಿಗಿ ಕೊಟ್ಟೆ, ಹಾಸಗಿ ಬದಲ ಮಾಡಿದೆ. ಬೆಂಕಿ ಇಡೂ ಮುಂದ ಮಾತ್ರ ನಾ ಯಾಕ ಬ್ಯಾಡಾದೆ?" ಎಂದು ಕೇಳಿದಳು. ಮೂವತ್ತು ವರ್ಷದ ಕೆಲಸದಲ್ಲಿ ಮಕ್ಕಳು ನನಗೆ ಕೇಳಿದ ಪ್ರಶ್ನೆಗಳಲ್ಲಿ ಇದಕ್ಕಿಂತ ನೇರವಾದದ್ದು ಇಲ್ಲ. "ನೀನೇ ಬೇಕಾಗಿತ್ತವ್ವಾ, ನಿನ್ನ ಕೈಯೇ ಸರಿಯಾದ ಕೈ" ಎಂದೆ. ಆ ಮಾತನ್ನು ಅವಳಿಗೆ ಒಬ್ಬಳಿಗೇ ಹೇಳಿದರೆ ಸಾಲದು, ಎಲ್ಲರಿಗೂ ಹೇಳಬೇಕು ಎಂದೇ ಇದನ್ನು ಬರೆಯುತ್ತಿದ್ದೇನೆ.

ಆ ಹುಡುಗಿಯ ತಾಯಿಗೆ ಆದದ್ದು ಇನ್ನೊಂದು ಕಥೆ. ಹತ್ತನೆಯ ದಿನ ಆಕೆಗೆ ಹಸಿರು ಸೀರೆ ಉಡಿಸಿ, ಹಣೆತುಂಬ ಕುಂಕುಮ ಬಳಿದು, ತಲೆತುಂಬ ಹೂ ಮುಡಿಸಿ, ಕೈತುಂಬ ಹೊಸ ಬಳೆ ಇಡಿಸಿದರು. ಮದುವೆಯ ದಿನವೂ ಅವಳನ್ನು ಅಷ್ಟು ಸಿಂಗರಿಸಿರಲಿಲ್ಲವೇನೊ. ಆಮೇಲೆ ಒಂದೊಂದಾಗಿ ಎಲ್ಲವನ್ನೂ ಕಿತ್ತರು. ಹೂ ಹರಿದರು, ಕುಂಕುಮ ಒರೆಸಿದರು, ಕಾಲುಂಗುರ ತೆಗೆದರು, ತಾಳಿ ಬಿಚ್ಚಿದರು, ಕಲ್ಲಿಗೆ ಕೈ ಬಡಿದು ಬಳೆ ಒಡೆದರು. ಮಣಿಕಟ್ಟಿನಿಂದ ರಕ್ತ ಬಂತು. ಇದನ್ನೆಲ್ಲ ಮಾಡಿದವರು ಗಂಡಸರಲ್ಲ, ಹೆಂಗಸರು. ಅವರಲ್ಲಿ ಹೆಚ್ಚಿನವರು ತಾವೂ ಹೀಗೆಯೇ ಬಳೆ ಒಡೆಸಿಕೊಂಡವರು. ಊರು ಉಪಕಾರ ಅರಿಯದು, ಹೆಣ ಶೃಂಗಾರ ಅರಿಯದು ಎನ್ನುತ್ತೇವೆ. ಹೆಣ ಅರಿಯದ ಶೃಂಗಾರವನ್ನು ಜೀವವಿರುವ ಹೆಣ್ಣಿಗೆ ಮಾಡಿ ಕೀಳುತ್ತೇವಲ್ಲ, ಅವಳು ಅರಿಯುತ್ತಾಳೆ. ಪ್ರತಿಯೊಂದನ್ನೂ ಅರಿಯುತ್ತಾಳೆ.

ಹೆಂಡತಿ ಸತ್ತ ಗಂಡಸಿನಿಂದ ನಾವು ಏನನ್ನು ಕಿತ್ತೆವು? ಅವನ ಉಂಗುರ ತೆಗೆದೆವೆ? ಕೈಗಡಿಯಾರ ಒಡೆದೆವೆ? ಮದುವೆಗೆ ಬರಬೇಡ, ಎದುರಿಗೆ ಬಂದರೆ ಅಪಶಕುನ ಎಂದೆವೆ? ವರ್ಷಾಂತಿಕ ಮುಗಿಯುವುದರೊಳಗೆ "ಪಾಪ, ಒಬ್ಬನೇ ಹೇಗಿದ್ದಾನು, ಮಕ್ಕಳು ಚಿಕ್ಕವು" ಎಂದು ಹೆಣ್ಣು ನೋಡಲು ಹೊರಟವರೂ ನಾವೇ. ಇದೇ ಪಾಪ, ಇದೇ ಒಬ್ಬಂಟಿತನ, ಇವೇ ಚಿಕ್ಕ ಮಕ್ಕಳು ವಿಧವೆಗೆ ಇಲ್ಲವೆ? ಅರಿಶಿನ, ಕುಂಕುಮ, ಹೂ, ಬಳೆ ಇವು ಗಂಡ ತಂದುಕೊಟ್ಟವಲ್ಲ. ಹುಟ್ಟಿದ ಐದನೆಯ ತಿಂಗಳಿಗೆ ತಾಯಿ ನಮ್ಮ ಕೈಗೆ ಕರಿಬಳೆ ಹಾಕಿರುತ್ತಾಳೆ. ಗಂಡನಿಗಿಂತ ಮೊದಲು ಬಂದದ್ದು ಗಂಡನೊಂದಿಗೆ ಹೋಗಬೇಕಾಗಿಲ್ಲ.

ಇದನ್ನು ನಿಲ್ಲಿಸಲಾಗದು ಎಂದು ಹೇಳುವವರಿಗೆ ನಮ್ಮ ಗಡಿಯ ಆಚೆಗಿನ ಒಂದು ಹಳ್ಳಿಯನ್ನು ತೋರಿಸುತ್ತೇನೆ. ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನ ಹೇರವಾಡ. ನಮ್ಮ ಚಿಕ್ಕೋಡಿ ಸೀಮೆಗೆ ಹತ್ತಿರದ ಊರು. 2022ರ ಮೇ ತಿಂಗಳಲ್ಲಿ ಆ ಗ್ರಾಮ ಪಂಚಾಯತಿ, ಗಂಡ ಸತ್ತವಳ ಬಳೆ ಒಡೆಯುವ, ಕುಂಕುಮ ಒರೆಸುವ, ತಾಳಿ, ಕಾಲುಂಗುರ ಕೀಳುವ ಪದ್ಧತಿ ನಮ್ಮ ಊರಿನಲ್ಲಿ ಬೇಡವೆಂದು ಠರಾವು ಮಾಡಿತು. ಅದೇ ತಿಂಗಳಲ್ಲಿ ಮಹಾರಾಷ್ಟ್ರ ಸರ್ಕಾರ ಎಲ್ಲ ಗ್ರಾಮ ಪಂಚಾಯತಿಗಳೂ ಹೇರವಾಡದ ದಾರಿ ಹಿಡಿಯಲೆಂದು ಸುತ್ತೋಲೆ ಕಳಿಸಿತು. ಸುತ್ತೋಲೆಯಿಂದಲೇ ಎಲ್ಲವೂ ಆಗುತ್ತದೆಂದು ನಾನು ನಂಬುವುದಿಲ್ಲ. ಮೂವತ್ತು ವರ್ಷ ಸುತ್ತೋಲೆಗಳನ್ನು ಓದಿದವಳು ನಾನು. ಆದರೆ ಒಂದು ಹಳ್ಳಿಯ ಜನ ಕೂತು ಮಾತಾಡಿ ಸಾಧ್ಯ ಎಂದು ತೀರ್ಮಾನಿಸಿದರಲ್ಲ, ಓದುಬರಹ ಕಲಿತ ನಮ್ಮ ಪಟ್ಟಣದ ಬಡಾವಣೆಗಳಿಗೆ ಅಷ್ಟೂ ಆಗಬಾರದೆ?

ಕೊಳ್ಳಿಯ ವಿಷಯದಲ್ಲಿ ದೊಡ್ಡವರು ಆಗಲೇ ದಾರಿ ತೋರಿಸಿದ್ದಾರೆ. 2018ರ ಆಗಸ್ಟಿನಲ್ಲಿ ಮಾಜಿ ಪ್ರಧಾನಿ ವಾಜಪೇಯಿಯವರ ಚಿತೆಗೆ ಅವರ ಸಾಕುಮಗಳು ದೇಶದ ಗಣ್ಯರೆಲ್ಲರ ಎದುರಿಗೆ ಬೆಂಕಿ ಕೊಟ್ಟರು. 2021ರ ಡಿಸೆಂಬರಿನಲ್ಲಿ ಹೆಲಿಕಾಪ್ಟರ್ ದುರಂತದಲ್ಲಿ ಮಡಿದ ರಕ್ಷಣಾ ಪಡೆಗಳ ಮುಖ್ಯಸ್ಥ ಜನರಲ್ ಬಿಪಿನ್ ರಾವತ್ ಮತ್ತು ಅವರ ಪತ್ನಿಯ ಅಂತ್ಯಕ್ರಿಯೆಯನ್ನು ಇಬ್ಬರು ಹೆಣ್ಣುಮಕ್ಕಳೇ ಮಾಡಿದರು. ಆಗ ನಾವೆಲ್ಲ ಕಣ್ಣೀರು ಒರೆಸಿಕೊಂಡು ಭೇಷ್ ಎಂದೆವು. ಅದೇ ವರ್ಷ ನಟಿ ಮಂದಿರಾ ಬೇಡಿ ಮುಂಬಯಿಯಲ್ಲಿ ಗಂಡನ ಹೆಣಕ್ಕೆ ಹೆಗಲು ಕೊಟ್ಟು ಗಡಿಗೆ ಹಿಡಿದಾಗ ಮಾತ್ರ ಜೀನ್ಸ್ ಹಾಕಿದ್ದಳು ಎಂದು ಆಡಿಕೊಂಡವರಿಗೆ ಕಡಿಮೆ ಇರಲಿಲ್ಲ. ಗಂಡನನ್ನು ಕಳೆದುಕೊಂಡ ಹೆಂಗಸಿನ ಮುಖ ನೋಡಬೇಕಾದ ಹೊತ್ತಿನಲ್ಲಿ ನಾವು ಅವಳ ಬಟ್ಟೆ ನೋಡುತ್ತೇವೆ. ದಿಲ್ಲಿಯಲ್ಲಿ ಆದರೆ ಮೆಚ್ಚುಗೆ, ನಮ್ಮ ಓಣಿಯಲ್ಲಿ ಆದರೆ ಪಿಸುಮಾತು. ಈ ಎರಡು ನಾಲಿಗೆ ನಮಗೆ ಬೇಡ.

"ಹೆಣ್ಣುಮಕ್ಕಳಿಗೆ ಪಾಲು ಬೇಕು, ಕರ್ತವ್ಯ ಬೇಡ" ಎಂದು ಅಣ್ಣತಮ್ಮಂದಿರು ಗೊಣಗುವುದುಂಟು. ಪಾಲಿನ ಮಾತು ಬಂದಿತಲ್ಲ, ಕೇಳಿ. ನಮ್ಮ ರಾಜ್ಯದಲ್ಲಿ 1994ರಲ್ಲಿಯೇ ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹಕ್ಕು ಕೊಡುವ ತಿದ್ದುಪಡಿ ಬಂತು. 2005ರಲ್ಲಿ ಇಡೀ ದೇಶಕ್ಕೆ ಬಂತು. ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು ಎಂದು 2020ರ ಆಗಸ್ಟಿನಲ್ಲಿ ಸುಪ್ರೀಂ ಕೋರ್ಟು ಸ್ಪಷ್ಟಪಡಿಸಿತು. ಕೊಳ್ಳಿ ಇಟ್ಟವನಿಗೆ ಆಸ್ತಿ ಎಂಬ ಹಳೆಯ ಲೆಕ್ಕ ಕಾಯಿದೆಯಲ್ಲಿ ಮುರಿದಿದೆ. ಆದರೆ ಮನಸ್ಸಿನಲ್ಲಿ ಮುರಿದಿಲ್ಲ. "ಕೊಳ್ಳಿ ಇಟ್ಟವನು ನಾನು, ಸಹಿ ಹಾಕಿ ಬಿಟ್ಟುಕೊಡು" ಎಂದು ಅಣ್ಣ ಹೇಳಿದರೆ ತಂಗಿ ಕಣ್ಣೊರೆಸಿಕೊಂಡು ಸಹಿ ಹಾಕಿ ಬರುತ್ತಾಳೆ. ಕರ್ತವ್ಯ ಬೇಡವೆಂದವರು ನಾವಲ್ಲ. ಕರ್ತವ್ಯವನ್ನು ನಮ್ಮ ಕೈಯಿಂದ ಕಿತ್ತುಕೊಂಡು, ಆಮೇಲೆ ಕರ್ತವ್ಯ ಮಾಡಲಿಲ್ಲವೆಂದು ಹಕ್ಕನ್ನೂ ಕಿತ್ತುಕೊಳ್ಳುತ್ತಾರೆ. ಎರಡನ್ನೂ ಕೊಡಿ. ಎರಡನ್ನೂ ಹೊರುವ ಶಕ್ತಿ ನಮಗಿದೆ.

ಎಲ್ಲ ಹೆಂಗಸರೂ ಸ್ಮಶಾನಕ್ಕೆ ಹೋಗಲೇಬೇಕೆಂದು ನಾನು ಹೇಳುತ್ತಿಲ್ಲ. ಒಲ್ಲದವರನ್ನು ಎಳೆದುಕೊಂಡು ಹೋಗುವುದೂ ಒಂದು ದಬ್ಬಾಳಿಕೆಯೇ. ಗಂಡಸರಲ್ಲಿಯೂ ಚಿತೆಯ ಮುಂದೆ ನಿಲ್ಲಲಾರದವರಿದ್ದಾರೆ. ಬೇರೆ ಧರ್ಮದ ಅಕ್ಕತಂಗಿಯರಿಗೂ ಅವರವರ ಮನೆಯಲ್ಲಿ ಕೇಳಬೇಕಾದ ಪ್ರಶ್ನೆಗಳಿವೆ, ಅವನ್ನು ಅವರು ಕೇಳುತ್ತಾರೆ. ನಾನು ಕೇಳುತ್ತಿರುವುದು ನನ್ನ ಮನೆಯ ಪ್ರಶ್ನೆ. ಬರುತ್ತೇನೆ ಎನ್ನುವ ಮಗಳನ್ನು ಬಾಗಿಲಲ್ಲಿ ತಡೆಯಬೇಡಿ. ಬೇಡ ಎನ್ನುವ ಹೆಂಗಸಿನ ಬಳೆ ಮುಟ್ಟಬೇಡಿ. ಇಷ್ಟೇ.

ಇದಕ್ಕೆ ಸರ್ಕಾರ ಬೇಡ, ಚಳವಳಿ ಬೇಡ. ನಾವು ಹೆಂಗಸರು ಮೂರು ಕೆಲಸ ಮಾಡಿದರೆ ಸಾಕು. ಒಂದು, ಬಳೆ ಒಡೆಯುವ ಶಾಸ್ತ್ರಕ್ಕೆ ಕರೆದರೆ ಹೋಗಬೇಡಿ. ಹೋಗಲೇಬೇಕಾದರೆ ಆ ಹೆಂಗಸಿನ ಪಕ್ಕದಲ್ಲಿ ಕೂತು ಅವಳ ಕೈ ಹಿಡಿದುಕೊಳ್ಳಿ. ಹಿಡಿದ ಕೈಯನ್ನು ಕಲ್ಲಿಗೆ ಬಡಿಯುವುದು ಕಷ್ಟ. ಎರಡು, ನಿಮ್ಮ ಮನೆಯ ಅರಿಶಿನ ಕುಂಕುಮಕ್ಕೆ, ಸೀಮಂತಕ್ಕೆ, ಮಗಳ ಮದುವೆಯ ಆರತಿಗೆ ಗಂಡನಿಲ್ಲದ ಅಕ್ಕತಂಗಿಯರನ್ನು ಮೊದಲು ಕರೆಯಿರಿ, ಮುಂದಿನ ಸಾಲಿನಲ್ಲಿ ಕೂರಿಸಿ. ಮೂರು, ನಿಮ್ಮ ಕೊನೆಯ ಕ್ರಿಯೆ ಯಾರು ಮಾಡಬೇಕೆಂದು ಬದುಕಿರುವಾಗಲೇ ಹೇಳಿ. ಸತ್ತವರ ಹೆಸರಿನಲ್ಲಿ ಬದುಕಿರುವವರು ಬೇಕಾದ್ದು ಮಾಡುತ್ತಾರೆ. ಅದಕ್ಕೆ ಅವಕಾಶ ಕೊಡಬೇಡಿ.

ನನಗೆ ಒಬ್ಬ ಮಗ, ಒಬ್ಬಳು ಮಗಳು. ಇಬ್ಬರೂ ಕೂಡಿ ಕೊಳ್ಳಿ ಹಿಡಿಯಲಿ ಎಂದು ಹೇಳಿದ್ದೇನೆ, ಒಂದು ಹಾಳೆಯಲ್ಲಿ ಬರೆದು ಸಹಿ ಮಾಡಿಯೂ ಇಟ್ಟಿದ್ದೇನೆ. ನಾನು ಮೊದಲು ಹೋದರೆ ಅವರ ಅಪ್ಪನಿಂದ ಯಾರೂ ಏನನ್ನೂ ಕೀಳುವುದಿಲ್ಲ. ಅವರು ಮೊದಲು ಹೋದರೆ ನನ್ನಿಂದಲೂ ಏನನ್ನೂ ಕೀಳಕೂಡದು ಎಂದೂ ಆ ಹಾಳೆಯಲ್ಲಿದೆ. ಮೊದಲ ಸಲ ಹೇಳಿದಾಗ ಮನೆಯಲ್ಲಿ "ಬಿಡ್ತು ಅನ್ನು" ಎಂದರು. ಎರಡನೆಯ ಸಲ ನಕ್ಕರು. ಮೂರನೆಯ ಸಲ ಕೇಳಿಸಿಕೊಂಡರು. ನೀವೂ ಇವತ್ತು ರಾತ್ರಿ ಊಟಕ್ಕೆ ಎಲ್ಲರೂ ಕೂತಾಗ ಈ ಮಾತು ತೆಗೆಯಿರಿ. ಎರಡು ಹೆಣ್ಣು ಹೆತ್ತ ಸೊಸೆ ಬಡಿಸುತ್ತಿದ್ದರೆ, ಅವಳಿಗೆ ಕೇಳುವ ಹಾಗೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿ.